ಶಾಲು ಹೊದಿಸಿದ್ದು ಸಾಕು, ನೇಯ್ದವರು ನಡೆಯಲಿ

ಅಮೆರಿಕದಲ್ಲಿ ಕೈನೇಯ್ಗೆಯವರ ಗಿಲ್ಡುಗಳಿವೆ. ಗಿಲ್ಡ್ ಅಂದ್ರೆ ಸಂಘ ಅನ್ಕೊಳ್ಳಿ, ನಮ್ಮ ಕಡೆ ಊರೂರಿಗೆ ಮಹಿಳಾ ಸಮಾಜ ಇದ್ದ ಹಾಗೆ. ನೂಲುವವರು, ನೇಯುವವರು, ಬಣ್ಣ ಅದ್ದುವವರು, ಕಡ್ಡಿ ಹಿಡಿದು ಸ್ವೆಟರ್ ಹೆಣೆಯುವವರು ಎಲ್ಲ ಸೇರಿ ಕಟ್ಟಿಕೊಂಡದ್ದು. ಇವರಿಗೆಲ್ಲ ಒಂದು ದೊಡ್ಡ ಸಂಸ್ಥೆ ಅಂತ 'ಹ್ಯಾಂಡ್‌ವೀವರ್ಸ್ ಗಿಲ್ಡ್ ಆಫ್ ಅಮೆರಿಕ' 1969ರಲ್ಲಿ ಹುಟ್ಟಿತು. 1972ರಲ್ಲಿ ಅವರ 'ಕನ್ವರ್ಜೆನ್ಸ್' ಅನ್ನೋ ಸಮಾವೇಶ ಶುರುವಾಯಿತು. ಅದರಲ್ಲಿ ಕೈಯಲ್ಲಿ ಮಾಡಿದ ಬಟ್ಟೆಗಳ ಫ್ಯಾಶನ್ ಶೋ ಇರುತ್ತೆ. ಊರಿನ ಮಟ್ಟದ ಸಣ್ಣ ಸಣ್ಣ ಗಿಲ್ಡುಗಳೂ ವರ್ಷಕ್ಕೊಂದು ಶೋ ಇಟ್ಟುಕೊಳ್ಳುತ್ತವೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಒಂದೇ. ಎಷ್ಟೋ ಗಿಲ್ಡುಗಳಲ್ಲಿ ನೇಯ್ದವರೇ ಅದನ್ನ ತೊಟ್ಟು ನಡೆಯುತ್ತಾರೆ. ಬಳಕುವ ನಡು, ಆರಡಿ ಎತ್ತರ, ಕ್ಯಾಟ್‌ವಾಕು ಯಾವುದೂ ಬೇಕಿಲ್ಲ. ಅರವತ್ತು ದಾಟಿದ ಅಜ್ಜಿ ತಾನು ನೂತು ನೇಯ್ದ ಕೋಟು ಹಾಕ್ಕೊಂಡು ಮೆಲ್ಲಗೆ ನಡೆದು ಬರ್ತಾಳೆ. ಪಕ್ಕದಲ್ಲಿ ನಿಂತವರು ಚೀಟಿ ನೋಡಿ ಓದ್ತಾರೆ: ಇಂಥವರು, ಇಂಥ ನೂಲು, ಇಂಥ ನೇಯ್ಗೆ, ಇಂಥ ಬಣ್ಣ. ಜನ ಚಪ್ಪಾಳೆ ತಟ್ಟುತ್ತಾರೆ. ಅಷ್ಟೇ ಶೋ.

ಈಗ ನಮ್ಮ ಕಡೆ ನೋಡಿ. ಖಾದಿ ಫ್ಯಾಶನ್ ಶೋ, ಕೈಮಗ್ಗ ಫ್ಯಾಶನ್ ಶೋ ಅಂತ ನಾವೂ ಮಾಡ್ತೀವಿ, ಇಲ್ಲ ಅಂತಲ್ಲ. ಮಾಡೆಲ್‌ಗಳು ಉಟ್ಟು ನಡೀತಾರೆ. ಕೊನೆಗೆ ಡಿಸೈನರ್ ಬಂದು ಕೈ ಮುಗೀತಾರೆ. ನೇಯ್ದವರು ಎಲ್ಲಿ? ಬಹಳ ಪುಣ್ಯ ಮಾಡಿದ್ರೆ ಕಾರ್ಯಕ್ರಮ ಮುಗಿಯೋ ಹೊತ್ತಿಗೆ ಒಬ್ಬರನ್ನೋ ಇಬ್ಬರನ್ನೋ ವೇದಿಕೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಮೈಸೂರು ಪೇಟ ಇಟ್ಟು, ಹಾರ ಹಾಕಿ, ಶಾಲು ಹೊದಿಸ್ತಾರೆ. ಆ ಶಾಲನ್ನ ಯಾವತ್ತಾದ್ರೂ ಕೈಯಲ್ಲಿ ಮುಟ್ಟಿ ನೋಡಿದ್ದೀರಾ? ನೂರಕ್ಕೆ ತೊಂಬತ್ತು ಪಾಲು ಮಿಲ್ಲಿನಲ್ಲೋ ಪವರ್‌ಲೂಮಿನಲ್ಲೋ ತೆಗೆದ ಪಾಲಿಯೆಸ್ಟರು. ಜನ್ಮವಿಡೀ ಮಗ್ಗದ ಮುಂದೆ ಕೂತವರಿಗೆ ಮಗ್ಗವನ್ನು ಮುಳುಗಿಸಿದ ಬಟ್ಟೆಯನ್ನೇ ಹೊದಿಸಿ ಸನ್ಮಾನ ಮಾಡೋದು! ಇದಕ್ಕಿಂತ ದೊಡ್ಡ ತಮಾಷೆ ನಾನಂತೂ ಕಂಡಿಲ್ಲ :-)

ನಾನು ಹೇಳೋಕೆ ಹೊರಟಿರೋದು ಇಷ್ಟೇ. ನಮ್ಮ ಮಂಡ್ಯ ಸೀಮೆಗೂ ಒಂದು ಕೈಬಟ್ಟೆ ಶೋ ಬೇಕು. ಅದರಲ್ಲಿ ಮಾಡಿದವರೇ ನಡೆಯಬೇಕು. ನಡೆದದ್ದರಿಂದ ಅವರಿಗೆ ಕೆಲಸ ಸಿಗಬೇಕು. ಈ ಕೊನೆಯ ಮಾತು ಯಾಕೆ ಸೇರಿಸಿದೆ ಅಂತ ಮುಂದೆ ಹೇಳ್ತೀನಿ.

ಮಂಡ್ಯದಲ್ಲಿ ಬಟ್ಟೆ ಮಾಡೋರು ಯಾರಿದ್ದಾರೆ?

ಹೀಗೆ ಕೇಳೋರೇ ಜಾಸ್ತಿ. ಮಂಡ್ಯ ಅಂದ ಕೂಡಲೇ ಕಬ್ಬು, ಬೆಲ್ಲ, ಭತ್ತ, ಕಾವೇರಿ ಗಲಾಟೆ. ನೂಲಿನ ಕೆಲಸ ಅಂದ್ರೆ ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರು ಅಂತ ನಮ್ಮವರೇ ಬೇರೆ ಜಿಲ್ಲೆಗಳ ಕಡೆ ಕೈ ತೋರಿಸ್ತಾರೆ. ಸರಿ, ನಾಲ್ಕು ತಾಲ್ಲೂಕು ಸುತ್ತಿಕೊಂಡು ಬರೋಣ ಬನ್ನಿ.

ಮೊದಲು ಪಾಂಡವಪುರ ತಾಲ್ಲೂಕಿನ ಮೇಲುಕೋಟೆ. ವೈರಮುಡಿ ಹೊತ್ತಿನಲ್ಲಿ ಲಕ್ಷಾಂತರ ಜನ ಬರ್ತಾರೆ, ಪುಳಿಯೋಗರೆ ತಿಂತಾರೆ, ಕಲ್ಯಾಣಿ ಮುಂದೆ ಫೋಟೋ ತೆಗೆಸಿಕೊಳ್ತಾರೆ, ಹೋಗ್ತಾರೆ. ಅದೇ ಊರಿನಲ್ಲಿ ಜನಪದ ಸೇವಾ ಟ್ರಸ್ಟ್ ಅಂತ ಇದೆ. ಜಯಪ್ರಕಾಶ್ ನಾರಾಯಣರ ಒಡನಾಡಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ್ದು. ಅಲ್ಲಿ ಖಾದಿ ಮಗ್ಗಗಳಿವೆ, ಗಿಡಮೂಲದ ಬಣ್ಣಗಳಲ್ಲಿ ನೂಲು ಅದ್ದುತ್ತಾರೆ, ಆಸುಪಾಸಿನ ಹೆಣ್ಣುಮಕ್ಕಳು ಕೆಲಸ ಮಾಡ್ತಾರೆ. ಬೆಟ್ಟ ಹತ್ತಿ ದೇವರು ನೋಡಿ ಬಂದವರಲ್ಲಿ ಈ ಮಗ್ಗ ನೋಡಿ ಬಂದವರು ಎಷ್ಟು ಜನ? ಬೆರಳು ಮಡಿಸಿ ಎಣಿಸಬಹುದು.

ಆಮೇಲೆ ಶ್ರೀರಂಗಪಟ್ಟಣ. ಕನ್ನಡ ನಾಡಿನ ರೇಷ್ಮೆಯ ಕಥೆ ಈ ದ್ವೀಪದಿಂದಲೇ ಶುರು ಅಂದ್ರೂ ತಪ್ಪಿಲ್ಲ. ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆಹುಳು ತರಿಸಿದ. ಅವನ್ನು ಎಲ್ಲಿಟ್ಟು ಹೇಗೆ ಸಾಕಬೇಕು ಅಂತ 1786ರಲ್ಲಿ ಪಟ್ಟಣದ ಕೋಟೆಯ ಅಧಿಕಾರಿಗೆ ಕಾಗದ ಬರೆದಿದ್ದ. ಇದೇ ತಾಲ್ಲೂಕಿನ ಕೊಡಿಯಾಲ ನೇಕಾರರ ಊರು, ರೇಷ್ಮೆ ಸೀರೆಗೆ ಹೆಸರಾದದ್ದು. ಆದರೆ ಪಟ್ಟಣಕ್ಕೆ ಬರೋ ಪ್ರವಾಸಿಗೆ ದರಿಯಾ ದೌಲತ್, ಗುಂಬಜ್, ಸಂಗಮ, ರಂಗನತಿಟ್ಟು ತೋರಿಸ್ತೀವಿ. ಕೊಡಿಯಾಲದ ಹೆಸರು ಹೇಳೋರನ್ನ ನಾನು ಕಂಡಿಲ್ಲ.

ಪಟ್ಟಣದ ಕಥೆ ಇಲ್ಲಿಗೇ ಮುಗಿಯೋದಿಲ್ಲ. ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಸುಮಾರು 1200 ಜನ, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಸ್ವೀಡನ್ನಿನ ಹೆಸರಾಂತ ಬ್ರಾಂಡಿಗೆ ಬಟ್ಟೆ ಹೊಲೀತಿದ್ದರು. 2020ರ ಜೂನ್‌ನಲ್ಲಿ, ಕೊರೊನಾ ಹೊತ್ತಲ್ಲಿ, ಕಾರ್ಖಾನೆಯವರು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿಬಿಟ್ಟರು. ಹೆಣ್ಣುಮಕ್ಕಳು ವಾರಗಟ್ಟಲೆ ಗೇಟಿನ ಹತ್ತಿರ ಕೂತು ಹೋರಾಟ ಮಾಡಿದರು. ಮುಂದೆ 2021ರಲ್ಲಿ ಕಾರ್ಮಿಕ ಸಂಘಟನೆಯ ಜೊತೆ ಮರುನೇಮಕದ ಒಪ್ಪಂದ ಆಯಿತು. ಯೂರೋಪಿನ ಫ್ಯಾಶನ್ ಅಂಗಡಿಯ ಗಾಜಿನ ಹಿಂದೆ ಗೊಂಬೆ ತೊಟ್ಟು ನಿಂತಿದ್ದ ಅಂಗಿ, ಟಿಪ್ಪು ರೇಷ್ಮೆಹುಳು ಸಾಕಿಸಿದ ಊರಿನಲ್ಲಿ ಹೊಲಿದದ್ದು ಅಂತ ಕೊಂಡವರಿಗೆ ಗೊತ್ತಿತ್ತಾ? ಹೋಗ್ಲಿ, ನಮಗೆ ಗೊತ್ತಿತ್ತಾ?

ಕೆ.ಆರ್.ಪೇಟೆಗೆ ಬನ್ನಿ. ಅಲ್ಲಿ ನಮ್ಮ ಅತ್ತೆ ಇದ್ದಾರೆ. ಸೀರೆಗೆ ಕುಚ್ಚು ಕಟ್ಟೋದು ಅವರ ಕೆಲಸ. ನಿಮ್ಮೂರಿನ ಯಾವ ಬೀದಿಯಲ್ಲಿ ಹೋದ್ರೂ ಬಾಗಿಲ ಮೇಲೆ 'ಇಲ್ಲಿ ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು ಹಾಕಿಕೊಡಲಾಗುವುದು' ಅಂತ ಬೋರ್ಡು ಕಾಣುತ್ತಲ್ಲ, ಆ ಬೋರ್ಡಿನ ಹಿಂದೆ ಕೂತಿರೋ ಜನ ಇವರು. ಸೆರಗಿನ ತುದಿಯ ಎಳೆಗಳನ್ನ ಸಮಕ್ಕೆ ಹಂಚಿ, ಗಂಟು ಹಾಕಿ, ಕ್ರೋಶಾ ಕಡ್ಡಿಯಲ್ಲಿ ಬಲೆ ಹೆಣೆದು, ಮಣಿ ಪೋಣಿಸಿ, ಸೀರೆಯ ಬಣ್ಣಕ್ಕೆ ಹೊಂದುವ ದಾರದಲ್ಲಿ ಕುಚ್ಚು ಇಳಿಬಿಡೋದು. ಸ್ವಲ್ಪ ಡಿಸೈನ್ ಜಾಸ್ತಿ ಇದ್ರೆ ದಿನವಿಡೀ ಕೂರಬೇಕು. ಸೀರೆಯ ಬೆಲೆ ಹತ್ತು ಸಾವಿರ ಅಂದ್ರೆ ಚೌಕಾಸಿ ಇಲ್ಲದೆ ಕೊಟ್ಟು ಬರುವವರು, ಕುಚ್ಚಿಗೆ ಐನೂರು ಅಂದ್ರೆ 'ಏನಕ್ಕಾ, ಇಷ್ಟೊಂದು?' ಅಂತಾರೆ. ಅಮೆರಿಕದ ಗಿಲ್ಡಿನಲ್ಲಾಗಿದ್ರೆ ನಮ್ಮ ಅತ್ತೆಯನ್ನ ಫೈಬರ್ ಆರ್ಟಿಸ್ಟ್ ಅಂತಿದ್ರು. ಇಲ್ಲಿ 'ಕುಚ್ಚು ಕಟ್ಟೋ ಆಂಟಿ'.

ಇನ್ನು ನಾಗಮಂಗಲ. ಆ ಊರು ಹೆಸರಾಗಿರೋದು ಹಿತ್ತಾಳೆ, ಕಂಚಿನ ಕೆಲಸಕ್ಕೆ. ಆದರೆ ಆ ಸೀಮೆಯ ಹೊಲದಲ್ಲಿ ಮಳೆಗೆ ಕೊಪ್ಪೆ ಹಾಕಿಕೊಂಡು ನಿಂತ ರೈತನ ಮೈ ಮೇಲೆ ಇದ್ದದ್ದು ಕರಿ ಕಂಬಳಿ. ಕುರುಬರ ಕೈಯಲ್ಲಿ ಆದದ್ದು. ಒಂದು ಮಾತು ಗೊತ್ತಿರಲಿ, ನಮ್ಮ ಬನ್ನೂರು ಕುರಿ (ಮಂಡ್ಯ ಕುರಿ ಅಂತಲೂ ಕರೀತಾರಲ್ಲ, ಅದೇ) ಮಾಂಸಕ್ಕೆ ಹೆಸರಾದ ತಳಿ. ಅದರ ಮೈ ಮೇಲಿರೋದು ಒರಟು ಕೂದಲು, ಕಂಬಳಿಗೆ ಬೇಕಾದಂಥ ಉಣ್ಣೆ ಅಲ್ಲ. ಕಂಬಳಿಗೆ ಬೇಕಾಗಿದ್ದ ಕಪ್ಪು ಉಣ್ಣೆಯ ಕುರಿ ಬಯಲುಸೀಮೆಯದ್ದು. ಈಗ ಮಳೆಗೆ ಪ್ಲಾಸ್ಟಿಕ್ ಚೀಲ, ಚಳಿಗೆ ಪಾಣಿಪತ್ತಿನಿಂದ ಬರೋ ಬಣ್ಣದ ರಗ್ಗು. ಕರಿ ಕಂಬಳಿ ದೇವರ ಕಾರ್ಯಕ್ಕೆ ಗದ್ದುಗೆ ಹಾಸೋಕೆ ಮಾತ್ರ ಹೊರಗೆ ಬರುತ್ತೆ. ಆವತ್ತು ಎಲ್ಲರೂ ಅದಕ್ಕೆ ಕೈ ಮುಗೀತಾರೆ, ಮಾರನೇ ದಿನ ಅಟ್ಟದ ಮೇಲೆ.

ನಾಲ್ಕು ತಾಲ್ಲೂಕಿನಲ್ಲಿ ಖಾದಿ, ರೇಷ್ಮೆ, ಗಾರ್ಮೆಂಟು, ಕುಚ್ಚು, ಕಂಬಳಿ, ಐದು ಕಸುಬು ಸಿಕ್ಕವು. ಆರಿ ವರ್ಕ್ ಮಾಡೋರು, ಬ್ಲೌಸ್ ಹೊಲಿಯೋರು, ವೈರ್ ಬ್ಯಾಗ್ ಹೆಣೆಯೋರನ್ನ ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಎಥ್ನಿಕ್ ಡೇ ಅಂತೆ

ಈ ಕಡೆಯ ಒಂದು ಕಾಲೇಜಿನಲ್ಲಿ (ಹೆಸರು ಬೇಡ ಬಿಡಿ) ಎಥ್ನಿಕ್ ಡೇ ನೋಡೋಕೆ ಹೋಗಿದ್ದೆ. ನೆಂಟರ ಹುಡುಗ ಕರೆದಿದ್ದ. ಹುಡುಗರೆಲ್ಲ ಪಂಚೆ ಶಲ್ಯ, ಹುಡುಗಿಯರೆಲ್ಲ ರೇಷ್ಮೆ ಬಣ್ಣದ ಸೀರೆ. ನೋಡೋಕೆ ಚೆನ್ನಾಗೇ ಇತ್ತು, ಹಬ್ಬದ ಹಾಗೆ. ರ್‍ಯಾಂಪ್ ವಾಕ್ ಆಯಿತು, ಸಿಳ್ಳೆ ಬಿತ್ತು. ನಿರೂಪಕಿ 'ನಮ್ಮ ಸಂಸ್ಕೃತಿ, ನಮ್ಮ ಹೆಮ್ಮೆ' ಅಂತ ಹತ್ತು ಸಲ ಅಂದಿರಬೇಕು. ನಾನು ಸುಮ್ಮನಿರಲಾರದೆ ಮೂರ್ನಾಲ್ಕು ಹುಡುಗರನ್ನ ಕೇಳಿದೆ, 'ಪಂಚೆ ಎಲ್ಲಿ ತಗೊಂಡೆ?' ಒಬ್ಬ ಆನ್‌ಲೈನ್ ಅಂದ. ಇನ್ನೊಬ್ಬ ಮೈಸೂರಲ್ಲಿ ಅಂದ. 'ಯಾರು ನೇಯ್ದದ್ದು?' ಅಂದೆ. ಅವನು ನನ್ನ ಮುಖ ನೋಡಿದ. ಆ ಪ್ರಶ್ನೆ ಇರಬಹುದು ಅಂತಲೇ ಅವನಿಗೆ ಹೊಳೆದಿರಲಿಲ್ಲ. ಆ ಕಾಲೇಜಿನಿಂದ ಮೇಲುಕೋಟೆಗೆ ಬಸ್ಸಿನಲ್ಲಿ ಒಂದು ಗಂಟೆಯೂ ಆಗೋದಿಲ್ಲ.

ಹುಡುಗರನ್ನ ಬಯ್ಯೋಕೆ ಇದನ್ನ ಹೇಳ್ತಿಲ್ಲ. ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ. ಉಡೋದೇ ಸಂಸ್ಕೃತಿ ಅಂತ ಕಲಿಸಿದ್ದೀವಿ, ನೇಯೋದೂ ಅದರಲ್ಲಿ ಸೇರಿದೆ ಅಂತ ಕಲಿಸೋದನ್ನ ಮರೆತಿದ್ದೀವಿ.

ಒಂದು ಗಜ ಬಟ್ಟೆಯಲ್ಲಿ ಏನಿರುತ್ತೆ

ಮಗ್ಗ ನೋಡಿಲ್ಲದವರಿಗೆ ಒಂದು ಸಣ್ಣ ಲೆಕ್ಕ. ಬಟ್ಟೆಯಲ್ಲಿ ಉದ್ದಕ್ಕೆ ಹೋಗೋದು ಹಾಸು, ಅಡ್ಡಕ್ಕೆ ಬರೋದು ಹೊಕ್ಕು. 48 ಇಂಚು ಅಗಲದ ಬಟ್ಟೆಗೆ ಇಂಚಿಗೆ 60 ಎಳೆ ಅಂತ ಇಟ್ಟುಕೊಂಡರೂ ಹಾಸಿನಲ್ಲೇ 2880 ಎಳೆ ಆಯಿತು. ಹಳೆ ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೆರಳಿನಿಂದಲೇ ಕೆಚ್ಚಬೇಕು. ಅಂದ್ರೆ 2880 ಸಲ! ಅದಕ್ಕೂ ಮುಂಚೆ ಲಡಿಯಿಂದ ನೂಲು ಬಿಚ್ಚಿ ಸುತ್ತಬೇಕು, ಗಂಜಿ ಹಾಕಬೇಕು, ಒಣಗಿಸಬೇಕು, ಹಾಸು ಹುಯ್ಯಬೇಕು. ಬಣ್ಣದ ಕೆಲಸ ಬೇರೆ. ಗಿಡಮೂಲದ ಬಣ್ಣ ಆದರೆ ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಅಡಿಕೆ ಚೊಗರು, ನೀಲಿ ಅಂತ ಒಂದೊಂದಕ್ಕೂ ಒಂದೊಂದು ಹದ. ಇಷ್ಟೆಲ್ಲ ಆದಮೇಲೆ ಲಾಳಿ ಒಂದು ಸಲ ಆ ಕಡೆ ಹೋಗುತ್ತೆ. ಮತ್ತೆ ಈ ಕಡೆ ಬರುತ್ತೆ. ಒಂದು ಇಂಚು ಬಟ್ಟೆಗೆ ಲಾಳಿ ಐವತ್ತು ಅರವತ್ತು ಸಲ ಓಡಾಡಬೇಕು, ಪ್ರತಿ ಸಲಕ್ಕೂ ಕೈ ಕಾಲು ಎರಡೂ ಆಡಬೇಕು.

ಈ ಕೆಲಸದಲ್ಲಿ ಅರ್ಧಕ್ಕರ್ಧ ಮಗ್ಗದ ಮೇಲೆ ಕೂತವರದ್ದಲ್ಲ, ಸುತ್ತ ಇರೋ ಮನೆಮಂದಿಯದ್ದು, ಅದರಲ್ಲೂ ಹೆಂಗಸರದ್ದು. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರು, ಅವರಲ್ಲಿ ನೂರಕ್ಕೆ 72 ಹೆಂಗಸರು. ಅದಕ್ಕೆ ಹತ್ತು ವರ್ಷ ಹಿಂದಿನ ಗಣತಿಯಲ್ಲಿ ಒಟ್ಟು 43.31 ಲಕ್ಷ ಇತ್ತು. ಹತ್ತು ವರ್ಷಕ್ಕೆ ಎಂಟು ಲಕ್ಷ ಜನ ಮಗ್ಗದಿಂದ ಎದ್ದು ಹೋದರು.

ಯಾಕೆ ಹೋದರು? ಅದೇ ಗಣತಿಯಲ್ಲಿ ಉತ್ತರ ಇದೆ. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ತಿಂಗಳಿಗೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಆದಾಯದಲ್ಲಿದ್ದವು. ಇಪ್ಪತ್ತೈದು ದಿನ ದುಡಿಮೆ ಅಂತ ಹಿಡಿದರೆ ದಿನಕ್ಕೆ ಇನ್ನೂರೂ ಬರಲಿಲ್ಲ, ಅದೂ ಒಬ್ಬರಿಗಲ್ಲ, ಮನೆಗೆಲ್ಲ. ಅದೇ 2019–20ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 249 ರೂಪಾಯಿ ಇತ್ತು. ಕೆರೆ ಹೂಳೆತ್ತಿದರೆ ಸಿಗುವಷ್ಟೂ ಮಗ್ಗದಲ್ಲಿ ಸಿಗದಿದ್ದ ಮೇಲೆ, ಮಗ ಮಗಳು ಬೆಂಗಳೂರು ಬಸ್ಸು ಹತ್ತಿದರೆ ಯಾವ ಬಾಯಲ್ಲಿ ತಪ್ಪು ಅನ್ನೋಣ?

'ಫ್ಯಾಶನ್ ಶೋ ನಮ್ಮ ಸಂಸ್ಕೃತಿ ಅಲ್ಲ'

ಈ ವಿಚಾರ ತೆಗೆದಾಗೆಲ್ಲ ಯಾರಾದ್ರೂ ಒಬ್ಬರು ಹೀಗಂತಾರೆ. ಅವರಿಗೆ ಒಂದು ಹಳೇ ಕಥೆ ಹೇಳ್ತೀನಿ, ಕಲ್ಲಿನ ಮೇಲೆ ಬರೆದಿರೋ ಕಥೆ.

ಗುಪ್ತರ ಕಾಲದಲ್ಲಿ ಲಾಟ ದೇಶದ (ಈಗಿನ ದಕ್ಷಿಣ ಗುಜರಾತ್) ರೇಷ್ಮೆ ನೇಕಾರರ ಒಂದು ಶ್ರೇಣಿ ಊರು ಬಿಟ್ಟು ದಶಪುರಕ್ಕೆ ಬಂತು. ದಶಪುರ ಅಂದ್ರೆ ಈಗಿನ ಮಧ್ಯಪ್ರದೇಶದ ಮಂದಸೌರ್. ಶ್ರೇಣಿ ಅಂದ್ರೆ ಗಿಲ್ಡೇ ಕಣ್ರೀ, ನಾವು ಅಮೆರಿಕದಿಂದ ತರಬೇಕಾದ್ದೇನಿಲ್ಲ. ಅವರು ತಮ್ಮ ದುಡ್ಡಿನಲ್ಲಿ ಸೂರ್ಯನಿಗೊಂದು ಗುಡಿ ಕಟ್ಟಿದರು, ಕ್ರಿ.ಶ. 436ರ ಸುಮಾರಿಗೆ. 473ರ ಸುಮಾರಿಗೆ ಅದನ್ನು ರಿಪೇರಿ ಮಾಡಿಸಿ, ವತ್ಸಭಟ್ಟಿ ಅನ್ನೋ ಕವಿಯಿಂದ ಒಂದು ಶಾಸನ ಬರೆಸಿದರು. ಆ ಶಾಸನದಲ್ಲಿ ರಾಜನ ಹೊಗಳಿಕೆ, ದೇವರ ಸ್ತುತಿ ಎಲ್ಲ ಇದೆ. ಜೊತೆಗೆ ನೇಕಾರರು ತಮ್ಮ ಬಗ್ಗೆ ತಾವೇ ಬರೆಸಿಕೊಂಡಿದ್ದಾರೆ. ನಮ್ಮಲ್ಲಿ ಬಿಲ್ವಿದ್ಯೆ ಬಲ್ಲವರಿದ್ದಾರೆ, ಕಥೆ ಹೇಳುವವರಿದ್ದಾರೆ, ಜ್ಯೋತಿಷ್ಯ ಬಲ್ಲವರಿದ್ದಾರೆ ಅಂತ. ಇನ್ನೂ ಮುಂದಕ್ಕೆ ಹೋಗಿ, ಹೆಣ್ಣು ಎಷ್ಟೇ ಚೆಲುವೆಯಾಗಿರಲಿ, ಎಷ್ಟೇ ಹೂವು ತಾಂಬೂಲ ಇರಲಿ, ನಾವು ನೇಯ್ದ ರೇಷ್ಮೆ ಉಡದೆ ನಲ್ಲನ ಹತ್ತಿರ ಹೋಗೋದಿಲ್ಲ ಅನ್ನೋ ಅರ್ಥದ ಮಾತೂ ಇದೆ. ಒಂದೂವರೆ ಸಾವಿರ ವರ್ಷದ ಹಿಂದಿನ ಜಾಹೀರಾತು :-)

ನೋಡಿ, ಆ ನೇಕಾರರು ಯಾರಿಂದಲೋ ಶಾಲು ಹೊದಿಸಿಕೊಳ್ಳೋಕೆ ಕಾಯಲಿಲ್ಲ. ತಾವು ಯಾರು, ತಾವು ಮಾಡೋದು ಏನು ಅಂತ ತಾವೇ ಹೇಳಿಕೊಂಡರು, ತಮ್ಮ ಖರ್ಚಿನಲ್ಲಿ, ತಾವು ಕಟ್ಟಿಸಿದ ಗುಡಿಯ ಕಲ್ಲಿನ ಮೇಲೆ. ನಮ್ಮ ಕನ್ನಡದಲ್ಲೂ ದೇವರ ದಾಸಿಮಯ್ಯ ನೇಯುತ್ತಲೇ ವಚನ ಹೇಳಿದವನು. ಹಾಗಿರುವಾಗ ನೇಯ್ದವರು ಎದೆಯೆತ್ತಿ ನಡೆಯೋದು ನಮ್ಮ ಸಂಸ್ಕೃತಿ ಅಲ್ಲದೆ ಇನ್ನೇನು?

ಅತ್ತೆ ಕೇಳಿದ ಪ್ರಶ್ನೆ

ಈ ಶೋ ವಿಷಯ ಎತ್ತಿದಾಗ ಅತ್ತೆ ಮೊದಲು ನಕ್ಕರು. 'ಅಯ್ಯೋ ಸುಮ್ನಿರು ಮಗ, ನಾನ್ ಕುಚ್ ಕಟ್ಟಿದ್ ಸೀರೆ ನಾನೇ ಉಟ್ಕಂಡ್ ನಡದ್ರೆ ಸೀರೆಯೋರು ಬಂದು ಬಯ್ಯಲ್ವಾ?' ಅಂದರು. ಆಮೇಲೆ ದಾರ ಕಚ್ಚಿ ಕತ್ತರಿಸಿ, 'ನಡ್ಯದಿರ್ಲಿ, ಅದ್ರಿಂದ ಕೆಲ್ಸ ಬತ್ತದಾ?' ಅಂತ ಕೇಳಿದರು.

ಆ ಎರಡೂ ಮಾತನ್ನ ನಾನು ತುಂಬಾ ದಿನ ಯೋಚಿಸಿದ್ದೀನಿ. ಅಮೆರಿಕದ ಗಿಲ್ಡಿನ ಅಜ್ಜಿಗೂ ನಮ್ಮ ಅತ್ತೆಗೂ ಇರೋ ವ್ಯತ್ಯಾಸ ಅಲ್ಲೇ ಇದೆ. ಅಲ್ಲಿ ಬಹುಪಾಲು ಹವ್ಯಾಸ. ನೂಲು ಅವರದ್ದೇ, ಮಗ್ಗ ಅವರದ್ದೇ, ಹೊತ್ತು ಅವರದ್ದೇ, ಬಟ್ಟೆಯೂ ಅವರದ್ದೇ. ಇಲ್ಲಿ ಮಾಡಿದ್ದು ಮಾಡಿದವರದ್ದಲ್ಲ. ಸೀರೆ ಗಿರಾಕಿಯದ್ದು, ಹಾಸು ಸಾಹುಕಾರನದ್ದೋ ಸೊಸೈಟಿಯದ್ದೋ, ಗಾರ್ಮೆಂಟ್ಸಿನ ಅಂಗಿ ಸ್ವೀಡನ್ನಿನದ್ದು. ಅಲ್ಲಿನ ಶೋ ಹಾಗೇ ತಂದು ಇಲ್ಲಿ ಇಳಿಸಿದರೆ ಅದು ಇನ್ನೊಂದು ಎಥ್ನಿಕ್ ಡೇ ಆಗುತ್ತೆ ಅಷ್ಟೇ. ಹೊಟ್ಟೆಪಾಡಿಗೆ ಸಂಬಂಧವಿಲ್ಲದ ಗೌರವ ನಮ್ಮವರಿಗೆ ಬೇಕಾದಷ್ಟು ಸಿಕ್ಕಿದೆ. ಅಟ್ಟದ ಮೇಲಿನ ಕಂಬಳಿಗೂ ಗೌರವ ಇದೆ.

ಒಳ್ಳೆ ಮನಸ್ಸಿನಿಂದ ಶುರುವಾದದ್ದೂ ಎಷ್ಟು ಕಷ್ಟದಲ್ಲಿ ಉಳಿದಿದೆ ಅಂತ ನೋಡಿ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಜೊತೆ ಹಳ್ಳಿಯ ಹೆಣ್ಣುಮಕ್ಕಳು ಕಟ್ಟಿದ 'ಚರಕ' ಸಹಕಾರ ಸಂಘ, ಅವರ ಬಟ್ಟೆ ಮಾರೋ 'ದೇಸಿ' ಅಂಗಡಿ ನಿಮಗೆಲ್ಲ ಗೊತ್ತಿರುತ್ತೆ. ದೇಸಿ ಕುರ್ತಾ, ಜುಬ್ಬ ಹಾಕಿಕೊಂಡು ಸಾಹಿತ್ಯ ಸಭೆಗೆ ಹೋಗದ ಕನ್ನಡ ಲೇಖಕ ಇದ್ದಾನಾ! ಅಂಥ ಹೆಸರು ಪಡೆದದ್ದೂ 2020ರಲ್ಲಿ ಕೈ ಚೆಲ್ಲುವ ಸ್ಥಿತಿಗೆ ಬಂದಿತ್ತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಕೈಯಿಂದ ಮಾಡಿದ್ದಕ್ಕೆ ತೆರಿಗೆಯೇ ಬೇಡ ಅಂತ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಮಾಡೋ ಖಾದಿ ಹೆಣ್ಣುಮಕ್ಕಳ ಕಥೆಯೂ ಅಷ್ಟೇ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ್ದೂ ಆಗಬಹುದು, ಪಾಲಿಯೆಸ್ಟರೂ ಆಗಬಹುದು ಅಂದರು. ಮರುವರ್ಷ ಮನೆಮನೆಗೂ ಬಾವುಟ ಬಂತು, ಬೆಂಗೇರಿಯವರು ಬೀದಿಗಿಳಿದು ಪ್ರತಿಭಟನೆ ಮಾಡಬೇಕಾಯಿತು. ಬಾವುಟಕ್ಕೆ ಸೆಲ್ಯೂಟ್ ಹೊಡೆಯೋದು ಬೇರೆ, ಬಾವುಟ ಮಾಡಿದವರಿಗೆ ಕೂಲಿ ಹುಟ್ಟೋದು ಬೇರೆ ಅಂತಾಯಿತು.

ಅದಕ್ಕೇ ಅತ್ತೆಯ ಪ್ರಶ್ನೆಯನ್ನ ಪಕ್ಕಕ್ಕಿಟ್ಟು ಶೋ ಮಾಡೋ ಹಾಗಿಲ್ಲ ಅಂದಿದ್ದು.

ಹೇಗೆ ಮಾಡಬಹುದು

ಜಾಗ ಹುಡುಕೋ ಕಷ್ಟವೇ ಇಲ್ಲ. ರಾಜ ಒಡೆಯರು 1610ರಲ್ಲಿ ದಸರಾ ಶುರು ಮಾಡಿದ್ದು ಶ್ರೀರಂಗಪಟ್ಟಣದಲ್ಲಿ. ಈಗಲೂ ಅಲ್ಲಿ ಬೇರೆಯಾಗಿ ದಸರಾ ನಡೆಯುತ್ತೆ, ಕಿರಂಗೂರು ಬನ್ನಿಮಂಟಪದಿಂದ ಜಂಬೂಸವಾರಿ ಹೊರಡುತ್ತೆ. ಅಷ್ಟು ದೊಡ್ಡ ಹಬ್ಬದಲ್ಲಿ ಒಂದು ಸಂಜೆ, ಎರಡು ಗಂಟೆ ಈ ಕೆಲಸಕ್ಕೆ ಕೊಟ್ಟರೆ ಸಾಕು. ನಾಲ್ಕು ತಾಲ್ಲೂಕಿನವರಿಗೂ ಬಸ್ಸಿದೆ. ಸಿನಿಮಾ ಹಾಡಿನ ಆರ್ಕೆಸ್ಟ್ರಾಗೆ ಕೊಡೋ ದುಡ್ಡಿನಲ್ಲಿ ಸ್ವಲ್ಪ ಪಾಲು ಖರ್ಚಾದೀತು. ನನ್ನ ಪ್ರಕಾರ ನಿಯಮ ಹೀಗಿರಬೇಕು:

ಒಂದು, ಮಾಡಿದವರೇ ನಡೆಯಬೇಕು. ನೂತವರು, ನೇಯ್ದವರು, ಬಣ್ಣ ಅದ್ದಿದವರು, ಕುಚ್ಚು ಕಟ್ಟಿದವರು, ಒಂದೇ ಸೀರೆಗೆ ನಾಲ್ಕು ಜನ ಕೈ ಹಾಕಿದ್ದರೆ ನಾಲ್ಕೂ ಜನ ಒಟ್ಟಿಗೆ. ಉಡೋ ಬಟ್ಟೆಯ ದುಡ್ಡು ಶೋ ಮಾಡೋರದ್ದು, ನಡೆದಮೇಲೆ ಬಟ್ಟೆ ನಡೆದವರದ್ದು. ಮಾಡಿದವರ ಬೀರುವಿನಲ್ಲಿ ಅವರು ಮಾಡಿದ್ದು ಒಂದಾದರೂ ಇರಲಿ.

ಎರಡು, ಚೀಟಿ ಓದಬೇಕು. ಹೆಸರು, ಊರು, ಎಷ್ಟು ದಿನದ ಕೆಲಸ, ಎಷ್ಟು ಕೂಲಿ ಬಂತು, ಅಂಗಡಿಯಲ್ಲಿ ಎಷ್ಟಕ್ಕೆ ಮಾರುತ್ತೆ. ಕೂಲಿ ಓದೋವಾಗ ಸಭೆಗೆ ಸ್ವಲ್ಪ ಇರುಸುಮುರುಸು ಆಗಬಹುದು. ಆಗಲಿ.

ಮೂರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನ ಬಿಡಬಾರದು. 'ಅದು ಕೈಕೆಲಸ ಅಲ್ಲ, ಮಿಷನ್ನು' ಅನ್ನೋರಿಗೆ ನನ್ನದೊಂದು ಪ್ರಶ್ನೆ: ಕಾಲರ್ ತಿರುಗಿಸೋದು, ತೋಳು ಕೂರಿಸೋದು, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಮುಟ್ಟಿಸೋದು ಮಿಷನ್ನಾ, ಕೈಯಾ? ಅವರೂ ನಡೆಯಲಿ, ತಮಗಾಗಿ ತಾವೇ ಹೊಲಿದುಕೊಂಡದ್ದನ್ನ ತೊಟ್ಟು.

ನಾಲ್ಕು, ಬಹುಮಾನ ಅಂದ್ರೆ ಶೀಲ್ಡು, ಕಪ್ಪು ಅಲ್ಲ. ಬಹುಮಾನ ಅಂದ್ರೆ ಆರ್ಡರು. ನಾಲ್ಕು ತಾಲ್ಲೂಕಿನ ಸಂಘ ಸಂಸ್ಥೆಗಳು, ಕಾಲೇಜುಗಳು, ಮದುವೆ ಛತ್ರದವರು, ಬ್ಯಾಂಕಿನವರು ಅಲ್ಲೇ ಕೂತಿರಬೇಕು. ಎಥ್ನಿಕ್ ಡೇಗೆ ಇನ್ನೂರು ಪಂಚೆ, ಛತ್ರಕ್ಕೆ ನೂರು ಟವೆಲ್ಲು, ಆಫೀಸಿಗೆ ಪರದೆ, ಅಂತ ಅಲ್ಲೇ ಬರೆದು ಮುಂಗಡ ಕೊಡಬೇಕು. ಅತ್ತೆಯ ಪ್ರಶ್ನೆಗೆ ಅದೇ ಉತ್ತರ.

ಐದು, ಯಾರಿಗೂ ಶಾಲು ಹೊದಿಸೋ ಹಾಗಿಲ್ಲ. ಹೊದಿಸಲೇಬೇಕು ಅಂತ ಹಟ ಇದ್ದರೆ ವೇದಿಕೆ ಮೇಲಿನ ಗಣ್ಯರಿಗೆ ನೇಕಾರರು ಹೊದಿಸಲಿ, ಗಣ್ಯರು ಅದರ ಬೆಲೆ ಕೊಟ್ಟು ಹೋಗಲಿ.

ಇದರಿಂದ ಎಂಟು ಲಕ್ಷ ಜನ ಮಗ್ಗಕ್ಕೆ ವಾಪಸ್ ಬಂದುಬಿಡ್ತಾರೆ ಅಂತ ನಾನೇನೂ ಹೇಳ್ತಿಲ್ಲ. ಒಂದು ಸಂಜೆಯ ಕಾರ್ಯಕ್ರಮದಿಂದ ನೂಲಿನ ಬೆಲೆ ಇಳಿಯೋದಿಲ್ಲ, ಕೂಲಿ ದುಪ್ಪಟ್ಟಾಗೋದಿಲ್ಲ. ಆದರೆ ಕೊಳ್ಳೋರಿಗೂ ಮಾಡೋರಿಗೂ ನಡುವೆ ಮುಖ ಪರಿಚಯವೇ ಇಲ್ಲದಿರೋದ್ರಿಂದಲೇ ಐನೂರು ರೂಪಾಯಿ ಕುಚ್ಚಿಗೆ ಚೌಕಾಸಿ ಮಾಡೋ ಧೈರ್ಯ ನಮಗೆ ಬರೋದು. ಮುಖ ನೋಡಿ, ಹೆಸರು ಕೇಳಿ, ದಿನ ಎಣಿಸಿದ ಮೇಲೆ ಆ ಚೌಕಾಸಿ ಅಷ್ಟು ಸುಲಭಕ್ಕೆ ಬಾಯಿಗೆ ಬರೋದಿಲ್ಲ.

ನೀವೇನು ಮಾಡಬಹುದು

ದಸರಾ ಸಮಿತಿಗೆ ನಾನು ಕಾಗದ ಬರೆಯೋನಿದ್ದೀನಿ. ಆದರೆ ಅವರು ಓದೋವರೆಗೂ ನಾವು ಸುಮ್ಮನೆ ಕೂರಬೇಕಿಲ್ಲ, ಅಲ್ವಾ?

ಮುಂದಿನ ಸಲ ಬಟ್ಟೆ ಕೊಳ್ಳೋವಾಗ ಅಂಚು ನೋಡಿ. ಕೈಮಗ್ಗದ ಬಟ್ಟೆಯ ಎರಡೂ ಅಂಚಿನಲ್ಲಿ, ಅಗಲ ಕುಗ್ಗದಂತೆ ಎಳೆದು ಹಿಡಿದ ಕಡ್ಡಿಯ ಮೊನೆಯಿಂದ ಆದ ಸಣ್ಣ ಸೂಜಿ ತೂತುಗಳು ಬಹಳ ಸಲ ಕಾಣುತ್ತವೆ. ನೇಯ್ಗೆ ಎಲ್ಲೋ ಒಂದು ಕಡೆ ಕೂದಲಷ್ಟು ಹೆಚ್ಚುಕಮ್ಮಿ ಇರುತ್ತೆ. 2006ರಲ್ಲಿ ಬಂದ 'ಹ್ಯಾಂಡ್‌ಲೂಮ್ ಮಾರ್ಕ್' ಚೀಟಿ ಇದೆಯಾ ಅಂತಲೂ ನೋಡಿ. ಮೇಲುಕೋಟೆಗೆ ಹೋದಾಗ ಪುಳಿಯೋಗರೆ ತಿಂದಮೇಲೆ ಒಂದರ್ಧ ಗಂಟೆ ಮಗ್ಗದ ಸದ್ದು ಕೇಳಿಕೊಂಡು ಬನ್ನಿ.

ಇನ್ನೊಂದು ಕೋರಿಕೆ, ಬರೆಯೋ ಗೆಳೆಯ ಗೆಳತಿಯರಿಗೆ. ನಿಮ್ಮ ನಿಮ್ಮ ಊರಿನಲ್ಲಿ ನೂಲು ಹಿಡಿದು ಬದುಕೋ ಒಬ್ಬರ ಬಗ್ಗೆ ಒಂದು ಬರಹ ಬರೀರಿ. ಕಾಸರಗೋಡಿನವರು, ಬೆಳಗಾವಿಯವರು, ದುಬೈ ಅಮೆರಿಕದಲ್ಲಿದ್ದು ಊರು ನೆನೆಸಿಕೊಳ್ಳೋರು, ಎಲ್ಲರ ಊರಿನಲ್ಲೂ ಅಂಥವರು ಒಬ್ಬರು ಇದ್ದೇ ಇರ್ತಾರೆ. ಬರೆಯೋಕೆ ಮುಂಚೆ ಅವರನ್ನ ಒಂದು ಮಾತು ಕೇಳಿ, ಅವರು ಒಪ್ಪಿದ್ರೆ ಮಾತ್ರ ಹೆಸರು ಹಾಕಿ. ಎಷ್ಟು ದಿನ ಹಿಡೀತು, ಎಷ್ಟು ಕೂಲಿ ಬಂತು ಅನ್ನೋದನ್ನ ಬಿಡದೆ ಬರೀರಿ.

ಶೋ ಬೇಡ ಅನ್ನೋರೂ ಇರಬಹುದು. ಅವರ ಕಾರಣವನ್ನೂ ಕೇಳೋ ಆಸೆ ನನಗಿದೆ. ಜಗಳಕ್ಕೂ ಸ್ವಾಗತ, ಆದರೆ ಉತ್ತರ ಹೇಳಬೇಕಾದ್ದು ನನಗಲ್ಲ, ಕೆ.ಆರ್.ಪೇಟೆಯ ಅತ್ತೆಗೆ. ಅವರು ದಾರ ಕತ್ತರಿಸೋವರೆಗೂ ತಲೆ ಎತ್ತೋದಿಲ್ಲ, ಸ್ವಲ್ಪ ಕಾಯಬೇಕಾಗುತ್ತೆ.